ತಲೆ ತೆರೆಯದೆ ತಲೆಯ ಚಿಕಿತ್ಸೆ

ನಮ್ಮ ಬೆಳಗಾವಿಯ ಖಾಸಬಾಗ ನೇಕಾರರ ನೆಲೆ. ಶಹಾಪುರ, ವಡಗಾಂವಿ, ಖಾಸಬಾಗ ಈ ಮೂರೂ ಭಾಗಗಳಲ್ಲಿ ಬೆಳಗು ಹರಿಯುವ ಮೊದಲೇ ಮಗ್ಗದ ಸಪ್ಪಳ ಕೇಳತೊಡಗುತ್ತದೆ. ಅಲ್ಲಿ ಹುಟ್ಟಿ ಬೆಳೆದವರಿಗೆ ಆ ಸಪ್ಪಳವು ಕೇಳಿಸುವದೇ ಇಲ್ಲ. ಅದು ನಿಂತರೆ ಮಾತ್ರ ಏನೋ ಆಗಿದೆ ಎಂದು ತಿಳಿಯುತ್ತದೆ. ಕಳೆದ ವರ್ಷ ದೀಪಾವಳಿಯ ಮುಂಚಿನ ದಿನಗಳಲ್ಲಿ ಒಂದು ಸಂಜೆ ನಮ್ಮ ದೊಡ್ಡವ್ವನ ಮನೆಯ ಮಗ್ಗ ಹಾಗೆ ತಟ್ಟನೆ ನಿಂತಿತು.

ದೊಡ್ಡವ್ವ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಇದ್ದಕ್ಕಿದ್ದಂತೆ ಎರಡೂ ಕೈಗಳಿಂದ ತಲೆ ಹಿಡಿದುಕೊಂಡು ಕೂಗಿದಳು. ಕ್ಷಣಾರ್ಧದಲ್ಲಿ ಸಿಡಿಲು ಬಡಿದಂತಹ ನೋವು, ಹಿಂದೆಯೇ ವಾಂತಿ. ದೀಪದ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಓಣಿಯವರು ಕೂಡಿದರು. ಪಿತ್ತವೆಂದರು ಕೆಲವರು, ದೃಷ್ಟಿಯೆಂದರು ಕೆಲವರು. ಹಣೆಗೆ ಶುಂಠಿ ಹಚ್ಚಿದರು, ಬಟ್ಟೆ ಬಿಗಿದು ಕಟ್ಟಿದರು, ಅಂಗಡಿಯಿಂದ ಗುಳಿಗೆ ತಂದು ನುಂಗಿಸಿದರು. ಮರುದಿನ ನೋವು ತುಸು ಇಳಿದಂತೆ ಕಂಡಿತು. ಮೂರನೆಯ ದಿನ ಮುಂಜಾನೆ ಒಬ್ಬ ವೈದ್ಯರಲ್ಲಿಗೆ ಕರೆದುಕೊಂಡು ಹೋದಾಗ ಅವರು ರಕ್ತದೊತ್ತಡ ನೋಡಿ, ಅದಕ್ಕೆ ಗುಳಿಗೆ ಬರೆದುಕೊಟ್ಟು ಕಳಿಸಿದರು. ಅಂದು ರಾತ್ರಿ ದೊಡ್ಡವ್ವ ಎಚ್ಚರ ತಪ್ಪಿ ಬಿದ್ದಳು. ದೊಡ್ಡ ದವಾಖಾನೆಗೆ ಒಯ್ದು ತಲೆಯ ಸಿ.ಟಿ. ಚಿತ್ರ ತೆಗೆಸಿದ ಮೇಲೆಯೇ ಗೊತ್ತಾದದ್ದು, ಮೆದುಳಿನ ಒಂದು ರಕ್ತನಾಳದಲ್ಲಿ ಗುಳ್ಳೆಯಂತಹ ಉಬ್ಬು ಇದ್ದು ಅದು ಒಡೆದಿದೆಯೆಂದು.

ತಲೆಬುರುಡೆ ತೆರೆಯದೆ, ತೊಡೆಯ ಸಂದಿನ ರಕ್ತನಾಳದೊಳಗಿಂದ ನಳಿಕೆಯೊಂದನ್ನು ಮೇಲಕ್ಕೆ ಒಯ್ದು ಆ ಉಬ್ಬನ್ನು ಮುಚ್ಚಬಹುದೆಂದು ವೈದ್ಯರು ಹೇಳಿದರು. ಆಗ ನಮ್ಮ ಕಾಕಾ ಕೇಳಿದ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ: "ತಲಿ ತೆರೀಲಾರದ ತಲ್ಯಾಗಿನ ಬ್ಯಾನಿ ಹೆಂಗ ಹೋಗತೈತ್ರಿ ಸಾಹೇಬ್ರ? ತೊಡಿಯಾಗ ಸೂಜಿ ಚುಚ್ಚಿದ್ರ ತಲಿ ನೆಟ್ಟಗಾಗೂದಂದ್ರ ನಾವು ನಂಬೂದ ಹೆಂಗ್ರಿ?"

ವೈದ್ಯರು ಸಿಟ್ಟಾಗಲಿಲ್ಲ. ಕಾಗದದ ಹಿಂಬದಿಗೆ ಒಂದು ಚಿತ್ರ ಬರೆದು ತೋರಿಸಿದರು. ಆದರೂ ಸಹಿ ಮಾಡುವಾಗ ಕಾಕಾನ ಕೈ ನಡುಗುತ್ತಿತ್ತು. ಇತಿಹಾಸವನ್ನು ಓದುವ ನನಗೂ ಅದರ ತಲೆಬುಡ ತಿಳಿದಿರಲಿಲ್ಲ. ಆ ಮೇಲೆ ತಿಳಿದವರನ್ನು ಕೇಳಿ, ಪುಸ್ತಕಗಳನ್ನು ನೋಡಿ ಅರ್ಥಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಕಾನ ಪ್ರಶ್ನೆಯಲ್ಲಿ ನಿಜವಾಗಿ ಎರಡು ಪ್ರಶ್ನೆಗಳಿವೆ: ಈ ಚಿಕಿತ್ಸೆಯಿಂದ ಗುಣವಾಗುವದೆ? ಮತ್ತು ಇದು ಅಪಾಯವಿಲ್ಲದ್ದೆ? ಇವೆರಡಕ್ಕೂ ಬೇರೆ ಬೇರೆ ಉತ್ತರಗಳಿವೆ.

ರೋಗವೆಂದರೇನು?

ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಸುಮಾರು 2 ಮಾತ್ರ. ಆದರೆ ದೇಹವು ಬಳಸುವ ಪ್ರಾಣವಾಯುವಿನಲ್ಲಿ ನೂರಕ್ಕೆ ಸುಮಾರು 20 ಪಾಲು ಅದೊಂದಕ್ಕೇ ಬೇಕು. ಇದನ್ನು ಪೂರೈಸಲು ಕುತ್ತಿಗೆಯ ಮುಂಬದಿಯಿಂದ ಎರಡು, ಹಿಂಬದಿಯಿಂದ ಎರಡು, ಹೀಗೆ ನಾಲ್ಕು ಧಮನಿಗಳು ತಲೆಯೊಳಗೆ ಹೋಗುತ್ತವೆ. ಮೆದುಳಿನ ಬುಡದಲ್ಲಿ ಇವುಗಳ ಕವಲುಗಳು ಒಂದಕ್ಕೊಂದು ಕೂಡಿ ಬಳೆಯಂತಹ ಒಂದು ಸುತ್ತನ್ನು ರಚಿಸುತ್ತವೆ. ಥಾಮಸ್ ವಿಲಿಸ್ ಎಂಬ ಆಂಗ್ಲ ವೈದ್ಯನು 1664ರಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದರಿಂದ ಇದಕ್ಕೆ ವಿಲಿಸ್ ವೃತ್ತವೆಂದು ಹೆಸರು. ಒಂದು ಕಡೆಯ ದಾರಿ ಕಟ್ಟಿದರೆ ಇನ್ನೊಂದು ಕಡೆಯಿಂದ ರಕ್ತ ಬರಲೆಂದು ಪ್ರಕೃತಿಯು ಮಾಡಿದ ಏರ್ಪಾಡಿದು.

ಈ ಬಳೆಯಲ್ಲಿ ಧಮನಿಗಳು ಕವಲೊಡೆಯುವ ಕಡೆಗಳಲ್ಲಿ ರಕ್ತದ ಹೊಡೆತ ಹೆಚ್ಚು. ಹೃದಯವು ಬಡಿದಾಗಲೆಲ್ಲ, ಎಂದರೆ ದಿನಕ್ಕೆ ಒಂದು ಲಕ್ಷ ಸಲ, ಆ ಗೋಡೆಗೆ ಪೆಟ್ಟು ಬೀಳುತ್ತದೆ. ಕೆಲವರಲ್ಲಿ ಅಲ್ಲಿಯ ಗೋಡೆ ಸವೆದು ಸಡಿಲಾಗಿ ಹೊರಕ್ಕೆ ಉಬ್ಬುತ್ತದೆ. ಸಾಯಿಕಲ್ಲಿನ ಟ್ಯೂಬು ಹಳೆಯದಾದಾಗ ಒಂದು ಕಡೆ ಗುಳ್ಳೆ ಏಳುವದನ್ನು ನಾವೆಲ್ಲ ನೋಡಿದ್ದೇವಷ್ಟೆ. ಅಂತಹದೇ ಇದು. ವೈದ್ಯರು ಇದನ್ನು ಅನ್ಯೂರಿಸಮ್ ಎನ್ನುತ್ತಾರೆ. ನಾವು ಧಮನಿಯುಬ್ಬು ಎನ್ನೋಣ. ಇದು ಗಂಟಲ್ಲ, ಅರ್ಬುದವೂ ಅಲ್ಲ. ಹಲವು ಉಬ್ಬುಗಳು ಜೋಳದ ಕಾಳಿನಿಂದ ಕಡಲೆಕಾಳಿನಷ್ಟು ದಪ್ಪ ಇರುತ್ತವೆ. ಕೆಲವು ಇನ್ನೂ ದೊಡ್ಡವಾಗುತ್ತವೆ.

ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಜನರಲ್ಲಿ ಇಂತಹ ಉಬ್ಬು ಇರುತ್ತದೆಂಬ ಮಾತನ್ನು ಕೇಳಿದರೆ ವಾಚಕರಿಗೆ ಗಾಬರಿಯಾದೀತು. ಗಾಬರಿಗೆ ಕಾರಣವಿಲ್ಲ. ಇವರಲ್ಲಿ ಬಹುಮಂದಿ ಅದು ಇದೆಯೆಂಬದನ್ನೇ ಅರಿಯದೆ ಪೂರ್ಣಾಯುಷ್ಯ ಬದುಕುತ್ತಾರೆ. ಒಂದು ವರ್ಷದಲ್ಲಿ ಲಕ್ಷ ಜನರಲ್ಲಿ ಹತ್ತಕ್ಕೂ ಕಡಿಮೆ ಜನರಿಗೆ ಮಾತ್ರ ಮೆದುಳಿನ ಹೊದಿಕೆಯ ಕೆಳಗೆ ಈ ರೀತಿಯ ರಕ್ತಸ್ರಾವವಾಗುತ್ತದೆ. ಆದರೆ ಯಾರಿಗೆ ಹೆಚ್ಚು ಅಪಾಯವೆಂಬದು ತಿಳಿದಿದೆ. ಬೀಡಿ ಸಿಗರೇಟು ಸೇದುವವರು, ರಕ್ತದೊತ್ತಡ ಏರಿದ್ದರೂ ಅದಕ್ಕೆ ಔಷಧ ತೆಗೆದುಕೊಳ್ಳದವರು, ವಿಪರೀತ ಮದ್ಯಪಾನಿಗಳು ಇವರಲ್ಲಿ ಉಬ್ಬು ಒಡೆಯುವ ಸಂಭವ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಈ ರೋಗ ಹೆಚ್ಚು ಕಾಣುತ್ತದೆ. ತಾಯಿ ತಂದೆ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೆ ಇದು ಆಗಿದ್ದರೆ, ಇಲ್ಲವೆ ಮೂತ್ರಪಿಂಡದಲ್ಲಿ ನೀರ್ಗುಳ್ಳೆಗಳೇಳುವ ವಂಶಪಾರಂಪರ್ಯದ ರೋಗವಿದ್ದರೆ, ಆ ಮನೆಯವರು ವೈದ್ಯರನ್ನು ಕೇಳಿ ಪರೀಕ್ಷೆ ಮಾಡಿಸಿಕೊಳ್ಳುವದು ಯೋಗ್ಯ.

ಒಡೆದಾಗ ಏನಾಗುತ್ತದೆ?

ಉಬ್ಬು ಒಡೆದರೆ ರಕ್ತವು ಮೆದುಳಿನ ಸುತ್ತಲಿನ ತೆಳುವಾದ ಹೊದಿಕೆಯ ಕೆಳಗೆ ಹರಡುತ್ತದೆ. ಆಗ ಬರುವ ತಲೆನೋವು ಬೇರೆಲ್ಲ ತಲೆನೋವುಗಳಂತಲ್ಲ. ಅದು ಮೆಲ್ಲನೆ ಏರುವದಿಲ್ಲ. ಒಂದು ನಿಮಿಷದೊಳಗೆ ತುದಿ ಮುಟ್ಟುತ್ತದೆ. "ಜನ್ಮದಲ್ಲಿ ಇಂತಹ ನೋವು ಉಂಡಿಲ್ಲ" ಎಂದು ರೋಗಿಯು ಹೇಳುತ್ತಾನೆ. ವಾಂತಿ, ಕುತ್ತಿಗೆ ಬಿಗಿಯುವದು, ಬೆಳಕು ಸೇರದಿರುವದು, ಎಚ್ಚರ ತಪ್ಪುವದು, ಒಂದು ಕಣ್ಣಿನ ರೆಪ್ಪೆ ಇಳಿಬೀಳುವದು ಇವು ಅದರ ಸಂಗಡ ಬರಬಹುದು. ಇವೆಲ್ಲವೂ ಇರಲೇಬೇಕೆಂದಿಲ್ಲ. ಸಿಡಿಲಿನಂತೆ ಬಂದ ತಲೆನೋವು ಒಂದೇ ಸಾಕು, ದವಾಖಾನೆಗೆ ಓಡುವದಕ್ಕೆ.

ಓಡಬೇಕೇಕೆ? ಒಡೆದ ಉಬ್ಬಿನ ಬಾಯಿಗೆ ರಕ್ತ ಹೆಪ್ಪುಗಟ್ಟಿ ಸೋರಿಕೆ ತಾತ್ಕಾಲಿಕವಾಗಿ ನಿಲ್ಲುತ್ತದೆ. ನೋವು ತುಸು ಇಳಿದಂತೆ ತೋರಬಹುದು. ಮನೆಯವರು "ಗುಣವಾಯಿತು" ಎಂದು ಉಸಿರುಬಿಡುತ್ತಾರೆ. ಆದರೆ ಆ ಹೆಪ್ಪು ಕೆರೆಯ ಬಿರುಕಿಗೆ ಮೆತ್ತಿದ ಹಸಿಮಣ್ಣಿನಂತಹದು. ಅದು ಕಿತ್ತುಹೋದರೆ ಎರಡನೆಯ ಸಲ ಆಗುವ ರಕ್ತಸ್ರಾವವು ಮೊದಲಿನದಕ್ಕಿಂತ ಘೋರ. ಈ ಅಪಾಯವು ಮೊದಲಿನ 24 ಗಂಟೆಗಳಲ್ಲಿಯೇ ಅತ್ಯಂತ ಹೆಚ್ಚು. ಉಬ್ಬು ಒಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸಾಯುತ್ತಾರೆ. ಕೆಲವರು ದವಾಖಾನೆ ಮುಟ್ಟುವದೇ ಇಲ್ಲ. ನಮ್ಮ ದೊಡ್ಡವ್ವನಿಗೆ ನಾವು ಶುಂಠಿ ಹಚ್ಚುತ್ತ ಕಳೆದ ಎರಡು ದಿನಗಳು ಎಂತಹ ದಿನಗಳೆಂಬದು ಈಗ ತಿಳಿದಾಗ ಮೈ ನಡುಗುತ್ತದೆ.

ತಪ್ಪು ನಮ್ಮ ಓಣಿಯದು ಮಾತ್ರವಲ್ಲ. ಅಮೇರಿಕೆಯ ಒಂದು ದೊಡ್ಡ ದವಾಖಾನೆಯ ವೈದ್ಯರು 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿಯೂ ಇಂತಹ ರೋಗಿಗಳಲ್ಲಿ ನೂರಕ್ಕೆ 12 ಜನರ ರೋಗವನ್ನು ಮೊದಲ ಭೆಟ್ಟಿಯಲ್ಲಿ ಬೇರೊಂದೆಂದು ಭಾವಿಸಲಾಗಿತ್ತು. ಅರೆತಲೆನೋವೆಂದೋ ಒತ್ತಡದ ತಲೆನೋವೆಂದೋ ಹೇಳಿ ಕಳಿಸಿದ್ದರು. ಬೇಗ ಹೋದರೆ ಇನ್ನೊಂದು ಲಾಭವಿದೆ. ನೋವು ಆರಂಭವಾದ ಆರು ಗಂಟೆಗಳೊಳಗೆ ಒಳ್ಳೆಯ ಯಂತ್ರದಲ್ಲಿ ಸಿ.ಟಿ. ಚಿತ್ರ ತೆಗೆದರೆ ರಕ್ತವು ಬಹುತೇಕ ತಪ್ಪದೆ ಕಾಣುತ್ತದೆ. ದಿನಗಳು ಕಳೆದಂತೆ ಅದು ಮಸುಕಾಗುತ್ತದೆ. ಆಗ ಬೆನ್ನುಹುರಿಯ ನೀರನ್ನು ತೆಗೆದು ಪರೀಕ್ಷಿಸಬೇಕಾದೀತು.

ಬುರುಡೆ ತೆರೆಯುವ ದಾರಿ

ಜೀವಂತ ಮನುಷ್ಯನ ಮೆದುಳಿನ ರಕ್ತನಾಳಗಳನ್ನು ಕಣ್ಣಿಗೆ ಕಾಣುವಂತೆ ಮಾಡಿದ ಕೀರ್ತಿ ಪೋರ್ತುಗಾಲದ ಎಗಾಸ್ ಮೊನಿಜ್‌ನಿಗೆ ಸಲ್ಲುತ್ತದೆ. 1927ರಲ್ಲಿ ಆತನು ಕುತ್ತಿಗೆಯ ಧಮನಿಗೆ ಕ್ಷಕಿರಣಗಳಲ್ಲಿ ಕಾಣಿಸುವ ದ್ರವವನ್ನು ಸೇರಿಸಿ ಚಿತ್ರ ತೆಗೆದನು. ಹತ್ತು ವರ್ಷಗಳ ತರುವಾಯ, 1937ರಲ್ಲಿ, ಅಮೇರಿಕೆಯ ಬಾಲ್ಟಿಮೋರ್ ನಗರದಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯನು ಬುರುಡೆ ತೆರೆದು, ಉಬ್ಬಿನ ಕುತ್ತಿಗೆಗೆ ಬೆಳ್ಳಿಯ ಚಿಮಟಿಗೆಯನ್ನು ಹಾಕಿ ರಕ್ತ ಒಳಗೆ ಹೋಗದಂತೆ ಮಾಡಿದನು. ಬಟ್ಟೆ ಒಣಹಾಕುವಾಗ ಹಗ್ಗಕ್ಕೆ ಚಿಮಟಿಗೆ ಸಿಗಿಸುತ್ತೇವಲ್ಲ, ತತ್ವ ಅದೇ. ಆ ಮೇಲೆ ಸೂಕ್ಷ್ಮದರ್ಶಕವನ್ನು ಇಟ್ಟುಕೊಂಡು ಮಾಡುವ ಪದ್ಧತಿ ಬಂದು ಈ ಶಸ್ತ್ರಕ್ರಿಯೆ ಬಹಳ ಸುಧಾರಿಸಿತು. ಇಂದಿಗೂ ಅದು ಒಳ್ಳೆಯ ಚಿಕಿತ್ಸೆಯೇ.

ನಮ್ಮ ದೇಶದಲ್ಲಿ ನರಶಸ್ತ್ರವಿದ್ಯೆಯು ನೆಲೆಯೂರಿದ್ದು ಸ್ವಾತಂತ್ರ್ಯ ಬಂದ ಮೇಲೆ. 1949ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿಯವರೂ, 1950ರಲ್ಲಿ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿಯವರೂ ಇದಕ್ಕೆ ಅಡಿಗಲ್ಲು ಹಾಕಿದರು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಆರ್. ಎಂ. ವರ್ಮಾ ಅವರು ಈ ವಿಭಾಗವನ್ನು ಕಟ್ಟಿದರು. ಆ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು.

ಒಳದಾರಿ

ಬುರುಡೆ ತೆರೆಯುವದು ಹೊರಗಿನ ದಾರಿಯಾದರೆ ರಕ್ತನಾಳದ ಒಳಗಿನಿಂದಲೇ ಹೋಗುವದು ಇನ್ನೊಂದು ದಾರಿ. ದೇಹದ ಧಮನಿಗಳೆಲ್ಲ ಒಂದೇ ಮರದ ಕೊಂಬೆಗಳು. ತೊಡೆಯ ಸಂದಿನಿಂದ ಹೊರಟರೆ ಹೊಟ್ಟೆಯ ಹೆಬ್ಬಾದೆ, ಎದೆ, ಕುತ್ತಿಗೆ ಇವುಗಳ ಮೂಲಕ ತಲೆಯವರೆಗೆ ಒಂದು ಕಡೆಗೂ ಗೋಡೆಯನ್ನು ಕೊಯ್ಯದೆ ಹೋಗಬಹುದು. ಕಾಕಾನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ: ರೋಗವಿರುವದು ತಲೆಯಲ್ಲಿಯಾದರೂ ಅಲ್ಲಿಗೆ ರಸ್ತೆಯು ತೊಡೆಯಿಂದಲೂ ಇದೆ.

ಈ ರಸ್ತೆಯನ್ನು ಸುಲಭ ಮಾಡಿದವನು ಸ್ವೀಡನ್ನಿನ ಸೆಲ್ಡಿಂಗರ್. 1953ರಲ್ಲಿ ಆತನು ಸೂಜಿಯ ಮೂಲಕ ತಂತಿಯನ್ನೂ, ತಂತಿಯ ಮೇಲಿನಿಂದ ನಳಿಕೆಯನ್ನೂ ಧಮನಿಯೊಳಗೆ ಜಾರಿಸುವ ಉಪಾಯವನ್ನು ಪ್ರಕಟಿಸಿದನು. ಮಾಸ್ಕೋದ ಸೆರ್ಬಿನೆಂಕೊ ಎಂಬವನು ಮೇ ದಿನದ ಉತ್ಸವದಲ್ಲಿ ಮಕ್ಕಳು ದಾರಕ್ಕೆ ಕಟ್ಟಿದ ಬಲೂನುಗಳನ್ನು ಆಡಿಸುವದನ್ನು ಕಂಡು, ಸಣ್ಣ ಬಲೂನನ್ನು ರಕ್ತನಾಳದಲ್ಲಿ ಒಯ್ದು ಬಿಡುವ ಯೋಚನೆ ಮಾಡಿದನೆಂದು ಹೇಳುತ್ತಾರೆ. ಆತನ ಅನುಭವವು 1974ರಲ್ಲಿ ಜಗತ್ತಿಗೆ ತಿಳಿಯಿತು. ಆದರೆ ಬಲೂನಿನ ಆಕಾರ ಒಂದು, ಉಬ್ಬಿನ ಆಕಾರ ಇನ್ನೊಂದು. ಬಿಗಿಯಾದರೆ ಉಬ್ಬು ಒಡೆಯುವ ಭಯ. ಉಬ್ಬಿನ ಆಕಾರಕ್ಕೆ ತಾನೇ ಒಗ್ಗಿಕೊಳ್ಳುವ ಮೃದುವಾದ ವಸ್ತು ಬೇಕಾಗಿತ್ತು. ಇಟಲಿಯ ಗ್ವೀಡೊ ಗುಲ್ಯೆಲ್ಮಿಯು ಲಾಸ್ ಏಂಜಲೀಸದಲ್ಲಿ ಅದನ್ನು ಸಾಧಿಸಿದನು: ಪ್ಲಾಟಿನಮ್ಮಿನ ನವಿರಾದ ಸುರುಳಿ. 1990ರಲ್ಲಿ ಮೊದಲ ರೋಗಿಗೆ ಅದನ್ನು ಬಳಸಲಾಯಿತು; 1995ರಲ್ಲಿ ಅಮೇರಿಕೆಯ ಸರಕಾರದ ಮನ್ನಣೆ ದೊರೆಯಿತು.

ಕೆಲಸ ನಡೆಯುವದು ಹೀಗೆ. ರೋಗಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ತೊಡೆಯ ಸಂದಿನಲ್ಲಿ, ಕೆಲವು ಸಲ ಮಣಿಕಟ್ಟಿನಲ್ಲಿ, ಧಮನಿಗೆ ಸಣ್ಣ ರಂಧ್ರ ಮಾಡಿ ನಳಿಕೆಯನ್ನು ಸೇರಿಸುತ್ತಾರೆ. ಎದುರಿನ ಪರದೆಯ ಮೇಲೆ ಕ್ಷಕಿರಣದ ಚಿತ್ರವನ್ನು ನೋಡುತ್ತ ಅದನ್ನು ಕುತ್ತಿಗೆಯವರೆಗೆ ಒಯ್ಯುತ್ತಾರೆ. ಅದರೊಳಗಿಂದ ಒಂದು ಮಿಲಿಮೀಟರಿಗಿಂತಲೂ ಸಣ್ಣದಾದ ಇನ್ನೊಂದು ನಳಿಕೆಯನ್ನು ಉಬ್ಬಿನ ಬಾಯಿಯವರೆಗೆ ನಡೆಸುತ್ತಾರೆ. ಅದರ ಮೂಲಕ ಪ್ಲಾಟಿನಮ್ ಸುರುಳಿಯನ್ನು ಒಳಕ್ಕೆ ತಳ್ಳಿದಾಗ ಅದು ಸುತ್ತಿಕೊಂಡು ಉಂಡೆಯಾಗುತ್ತದೆ. ಸರಿಯಾಗಿ ಕೂಡಲಿಲ್ಲವೆನಿಸಿದರೆ ಹಿಂದಕ್ಕೆ ಎಳೆದು ಮತ್ತೆ ಕೂಡಿಸಬಹುದು. ಸರಿಯಾದ ಮೇಲೆ, ಗುಲ್ಯೆಲ್ಮಿಯ ಪದ್ಧತಿಯಲ್ಲಿ, ಅತಿ ಮಂದವಾದ ವಿದ್ಯುತ್ತನ್ನು ಹರಿಸಿ ತಂತಿಯಿಂದ ಅದನ್ನು ಬಿಡಿಸುತ್ತಾರೆ. ಹೀಗೆ ಒಂದಾದ ಮೇಲೊಂದು ಸುರುಳಿ. ನಮ್ಮ ಓಣಿಯವರಿಗೆ ಇದನ್ನು ತಿಳಿಸಲು ನಾನು ಕಂಡಿಕೆಯ ಉದಾಹರಣೆ ಕೊಟ್ಟೆ: ಕಂಡಿಕೆಯ ಮೇಲೆ ಎಳೆ ಸುತ್ತಿದಂತೆ, ಆದರೆ ಇಲ್ಲಿ ಎಳೆಯು ಗುಳ್ಳೆಯ ಒಳಗೆ ಸುತ್ತಿಕೊಳ್ಳುತ್ತದೆ. ಸುರುಳಿಗಳು ಉಬ್ಬಿನ ಜಾಗದ ನಾಲ್ಕನೆಯ ಒಂದು ಪಾಲಿನಷ್ಟನ್ನು ಮಾತ್ರ ತುಂಬುತ್ತವೆ. ಉಳಿದ ಎಡೆಯಲ್ಲಿ ರಕ್ತ ಹರಿಯದೆ ಹೆಪ್ಪುಗಟ್ಟುತ್ತದೆ. ಹೊಡೆತ ನಿಲ್ಲುತ್ತದೆ.

ಉಬ್ಬಿನ ಬಾಯಿ ಅಗಲವಾಗಿದ್ದರೆ ಸುರುಳಿ ಹೊರಕ್ಕೆ ಜಾರಬಹುದು. ಆಗ ತಾತ್ಕಾಲಿಕವಾಗಿ ಬಲೂನನ್ನು ಅಡ್ಡ ಹಿಡಿಯುತ್ತಾರೆ, ಇಲ್ಲವೆ ಧಮನಿಯೊಳಗೆ ಜಾಲರಿಯ ಕೊಳವೆಯನ್ನು, ಎಂದರೆ ಸ್ಟೆಂಟನ್ನು, ಕೂಡಿಸುತ್ತಾರೆ. ಇನ್ನೂ ಒತ್ತಾಗಿ ಹೆಣೆದ ಜಾಲರಿಗಳು ಬಂದಿವೆ. ಇವು ಉಬ್ಬಿನ ಬಾಯಿಯ ಮುಂದೆ ಹಾಯ್ದು ರಕ್ತವು ಧಮನಿಯಲ್ಲಿಯೇ ಮುಂದೆ ಹರಿಯುವಂತೆ ಮಾಡುತ್ತವೆ. ಇಂತಹ ಒಂದು ಸಾಧನಕ್ಕೆ ಅಮೇರಿಕೆಯಲ್ಲಿ 2011ರಲ್ಲಿ ಮನ್ನಣೆ ಸಿಕ್ಕಿತು.

ಗುಣವಾಗುವದೆ?

ಹೊಸದೆಲ್ಲ ಒಳ್ಳೆಯದೆಂದು ಹೇಳಲು ಬಾರದು. ಎರಡು ಚಿಕಿತ್ಸೆಗಳಲ್ಲಿ ಯಾವದು ಮೇಲೆಂಬದನ್ನು ತಿಳಿಯಲು ನ್ಯಾಯವಾದ ದಾರಿ ಒಂದೇ: ಎರಡಕ್ಕೂ ತಕ್ಕವರಾದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ಚಿಕಿತ್ಸೆ ಕೊಟ್ಟು, ವರ್ಷದ ಮೇಲೆ ಲೆಕ್ಕ ನೋಡುವದು. ಬ್ರಿಟನ್ನಿನವರ ಮುಂದಾಳುತನದಲ್ಲಿ ಹಲವು ದೇಶಗಳ ದವಾಖಾನೆಗಳು ಕೂಡಿ ಇಂತಹ ಪರೀಕ್ಷೆಯನ್ನು ನಡೆಸಿದವು. ಉಬ್ಬು ಒಡೆದ 2143 ರೋಗಿಗಳು ಅದರಲ್ಲಿದ್ದರು. 2002ರಲ್ಲಿ ಫಲಿತಾಂಶ ಹೊರಬಿತ್ತು. ಒಂದು ವರ್ಷದ ಕೊನೆಗೆ ಸತ್ತವರು ಇಲ್ಲವೆ ಪರಾವಲಂಬಿಗಳಾದವರು, ಬುರುಡೆ ತೆರೆದವರ ಗುಂಪಿನಲ್ಲಿ ನೂರಕ್ಕೆ 30.6, ಸುರುಳಿ ಹಾಕಿದವರ ಗುಂಪಿನಲ್ಲಿ ನೂರಕ್ಕೆ 23.7. ಎಂದರೆ ನೂರು ರೋಗಿಗಳಲ್ಲಿ ಸುಮಾರು 7 ಜನ ಹೆಚ್ಚಿಗೆ ಬದುಕಿ ತಮ್ಮ ಕಾಲ ಮೇಲೆ ತಾವು ನಿಂತರು. ಅಂತರ ಸ್ಪಷ್ಟವಾದುದರಿಂದ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವದನ್ನು ನಡುವೆಯೇ ನಿಲ್ಲಿಸಿದರು. ಬ್ರಿಟನ್ನಿನ ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗಲೂ ಸುರುಳಿಯವರಲ್ಲಿ ನೂರಕ್ಕೆ 83 ಜನ, ಶಸ್ತ್ರಕ್ರಿಯೆಯವರಲ್ಲಿ ನೂರಕ್ಕೆ 79 ಜನ ಜೀವಂತರಿದ್ದರೆಂದು 2015ರಲ್ಲಿ ಪ್ರಕಟವಾಯಿತು.

ಆದರೆ ಈ ಅಂಕಿಗಳನ್ನು ಓದುವಾಗ ಎರಡು ಮಾತು ನೆನಪಿಡಬೇಕು. ಪರೀಕ್ಷೆಗಾಗಿ ನೋಡಿದ 9559 ರೋಗಿಗಳಲ್ಲಿ 2143 ಜನ ಮಾತ್ರ ಅದರೊಳಗೆ ಬಂದರು. ಎರಡೂ ದಾರಿಗಳು ಸಮನಾಗಿ ಒಪ್ಪುವಂತಿದ್ದವರು ಅಷ್ಟೇ. ಅವರಲ್ಲಿ ಹೆಚ್ಚಿನವರ ಉಬ್ಬು ಸಣ್ಣದು, ಸ್ಥಿತಿಯೂ ಒಳ್ಳೆಯದು. ಆದುದರಿಂದ ಎಲ್ಲ ರೋಗಿಗಳಿಗೂ ಸುರುಳಿಯೇ ಸರಿ ಎಂಬ ಅರ್ಥ ಇದರಿಂದ ಹೊರಡುವದಿಲ್ಲ. ಉಬ್ಬು ಒಡೆದು ಮೆದುಳಿನೊಳಗೆ ರಕ್ತದ ದೊಡ್ಡ ಗಡ್ಡೆ ಕಟ್ಟಿ ಒತ್ತುತ್ತಿದ್ದರೆ ಬುರುಡೆ ತೆರೆದು ಅದನ್ನು ತೆಗೆಯಲೇಬೇಕು. ಅದೇ ಹೊತ್ತಿಗೆ ಚಿಮಟಿಗೆಯನ್ನೂ ಹಾಕಬಹುದು. ಮೆದುಳಿನ ನಡುಧಮನಿಯ ಕವಲಿನಲ್ಲಿರುವ ಅಗಲ ಬಾಯಿಯ ಉಬ್ಬುಗಳಿಗೆ ಅನೇಕ ವೈದ್ಯರು ಈಗಲೂ ಚಿಮಟಿಗೆಯನ್ನೇ ಮೆಚ್ಚುತ್ತಾರೆ.

ಎರಡನೆಯದಾಗಿ, ಸುರುಳಿಯ ಕೆಲಸವು ಚಿಮಟಿಗೆಯಷ್ಟು ಶಾಶ್ವತವಲ್ಲ. ರಕ್ತದ ಹೊಡೆತಕ್ಕೆ ಉಂಡೆಯು ಅದುಮಿಕೊಂಡು, ಸುಮಾರು ಐವರಲ್ಲಿ ಒಬ್ಬರಿಗೆ ಉಬ್ಬಿನ ಬಾಯಿ ಮತ್ತೆ ಅಷ್ಟಿಷ್ಟು ತೆರೆಯುತ್ತದೆ; ಹತ್ತರಲ್ಲಿ ಒಬ್ಬರಿಗೆ ಮರುಚಿಕಿತ್ಸೆ ಬೇಕಾಗುತ್ತದೆ. ಮತ್ತೆ ರಕ್ತ ಸೋರುವ ಸಂಭವವು ಚಿಮಟಿಗೆಗಿಂತ ತುಸು ಹೆಚ್ಚು. ಆದರೂ ಒಟ್ಟಿನ ಮೇಲೆ ಅದು ಬಲು ವಿರಳ. ಆದುದರಿಂದಲೇ ಸುರುಳಿ ಹಾಕಿಸಿಕೊಂಡವರು ಹೇಳಿದ ಹೊತ್ತಿಗೆ ತಪ್ಪದೆ ಹೋಗಿ ಮರುಚಿತ್ರ ತೆಗೆಸಬೇಕು. "ಈಗ ಆರಾಮ ಇದ್ದೀನಿ, ಯಾಕ ಹೋಗಬೇಕು" ಎಂದು ಬಿಡುವದು ನಮ್ಮ ಜನರ ವಾಡಿಕೆ. ಈ ರೋಗದಲ್ಲಿ ಅದು ಸಲ್ಲದು.

ಅಪಾಯವಿಲ್ಲದ್ದೆ?

ಗಾಯ ಸಣ್ಣದೆಂದರೆ ಅಪಾಯವೂ ಸಣ್ಣದೆಂದು ಭಾವಿಸಬಾರದು. ನಳಿಕೆಯ ತುದಿಯಿಂದಲೋ ಸುರುಳಿಯಿಂದಲೋ ಉಬ್ಬು ಮೇಜಿನ ಮೇಲೆಯೇ ಒಡೆಯಬಹುದು. ನಳಿಕೆಯ ಸುತ್ತ ಹೆಪ್ಪುಗಟ್ಟಿದ ರಕ್ತವು ಮುಂದಿನ ಧಮನಿಯನ್ನು ಕಟ್ಟಿ ಲಕ್ವ ಹೊಡೆಯಬಹುದು. ಚಿತ್ರಕ್ಕಾಗಿ ಕೊಡುವ ದ್ರವವು ಕೆಲವರ ಮೈಗೆ ಒಗ್ಗದು. ಮೂತ್ರಪಿಂಡ ದುರ್ಬಲವಾಗಿದ್ದವರಿಗೆ ಅದು ತೊಂದರೆ ಕೊಟ್ಟೀತು. ತೊಡೆಯಲ್ಲಿ ರಕ್ತ ಕಟ್ಟಿಕೊಳ್ಳಬಹುದು.

ಉಬ್ಬು ಒಡೆದಿದ್ದರೆ ಈ ಅಪಾಯಗಳನ್ನು ಎದುರಿಸಲೇಬೇಕು. ಸುಮ್ಮನಿದ್ದರೆ ಅದಕ್ಕಿಂತ ದೊಡ್ಡ ಅಪಾಯ. ಒಡೆಯದ ಉಬ್ಬಿನ ಮಾತು ಬೇರೆ. ಬೇರೊಂದು ಕಾರಣಕ್ಕೆ ತಲೆಯ ಚಿತ್ರ ತೆಗೆಸಿದಾಗ ಅಕಸ್ಮಾತ್ತಾಗಿ ಅದು ಕಾಣಿಸಿದರೆ ಏನು ಮಾಡುವದು? ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ, ಒಡೆಯದ ಉಬ್ಬಿಗೆ ಒಳದಾರಿಯ ಚಿಕಿತ್ಸೆ ಮಾಡಿದಾಗ ನೂರಕ್ಕೆ ಸುಮಾರು 5 ಜನರಿಗೆ, ಬುರುಡೆ ತೆರೆದಾಗ ನೂರಕ್ಕೆ ಸುಮಾರು 8 ಜನರಿಗೆ ತೊಡಕುಗಳಾದವು. ಸತ್ತವರು ಎರಡರಲ್ಲಿಯೂ ಸಾವಿರಕ್ಕೆ ಮೂವರನ್ನು ಮೀರಲಿಲ್ಲ. ಆ ಸಣ್ಣ ಉಬ್ಬು ಮುಂದಿನ ಐದು ವರ್ಷಗಳಲ್ಲಿ ಒಡೆಯುವ ಸಂಭವವು ಇದಕ್ಕಿಂತ ಕಡಿಮೆಯಿದ್ದರೆ, ಚಿಕಿತ್ಸೆಯ ಬದಲು ವರ್ಷ ವರ್ಷ ಚಿತ್ರ ತೆಗೆಸಿ ಕಾಯುವದೇ ಜಾಣತನ. ಇದನ್ನು ಅಳೆಯಲು 2014ರಲ್ಲಿ ಪ್ರಕಟವಾದ ಒಂದು ಪದ್ಧತಿಯು ಆರು ಸಂಗತಿಗಳನ್ನು ನೋಡುತ್ತದೆ: ರೋಗಿಯು ಯಾವ ದೇಶದ ಜನರಲ್ಲಿ ಸೇರಿದವನು, ರಕ್ತದೊತ್ತಡವಿದೆಯೆ, ವಯಸ್ಸೆಷ್ಟು, ಉಬ್ಬಿನ ಗಾತ್ರವೆಷ್ಟು, ಹಿಂದೆ ಬೇರೊಂದು ಉಬ್ಬು ಒಡೆದಿತ್ತೆ, ಈಗಿನ ಉಬ್ಬು ಯಾವ ಜಾಗದಲ್ಲಿದೆ. ಕಾಯುವವರೂ ಸುಮ್ಮನೆ ಕೂಡುವಂತಿಲ್ಲ. ಬೀಡಿ ಬಿಡಬೇಕು, ರಕ್ತದೊತ್ತಡವನ್ನು ಹತೋಟಿಯಲ್ಲಿಡಬೇಕು.

ಜಾಲರಿ ಕೂಡಿಸಿಕೊಂಡವರಿಗೆ ಇನ್ನೊಂದು ಎಚ್ಚರಿಕೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೆಲವು ತಿಂಗಳು ಗುಳಿಗೆಗಳನ್ನು ನುಂಗಬೇಕಾಗುತ್ತದೆ. ಗುಳಿಗೆ ಮುಗಿದವು, ಸಂತೆಯ ದಿನ ತಂದರಾಯಿತು ಎಂದು ನಡುವೆ ಬಿಟ್ಟರೆ ಜಾಲರಿ ಕಟ್ಟಿ ಲಕ್ವ ಹೊಡೆದೀತು. ವೈದ್ಯರು ನಿಲ್ಲಿಸೆನ್ನುವವರೆಗೆ ಒಂದು ದಿನವೂ ತಪ್ಪಬಾರದು.

ಉಬ್ಬನ್ನು ಮುಚ್ಚಿದೊಡನೆ ರೋಗಿಯು ಪಾರಾದನೆಂದೂ ತಿಳಿಯಬಾರದು. ಚೆಲ್ಲಿದ ರಕ್ತದ ಕಾರಣದಿಂದ ಸುಮಾರು ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಮೆದುಳಿನ ಧಮನಿಗಳು ಸೆಡೆತು ಬಿಗಿಯುವ ಭಯವಿರುತ್ತದೆ. ಅದರ ಕೇಡನ್ನು ತಗ್ಗಿಸಲು ನಿಮೋಡಿಪಿನ್ ಎಂಬ ಔಷಧವನ್ನು ನಾಲ್ಕು ಗಂಟೆಗೊಮ್ಮೆ 21 ದಿನ ಕೊಡುತ್ತಾರೆ. ಕೆಲವರಲ್ಲಿ ಮೆದುಳಿನ ನೀರು ಹರಿಯದೆ ಕಟ್ಟಿಕೊಳ್ಳುತ್ತದೆ. ಅದನ್ನು ಹೊರಗೆ ಬಿಡಬೇಕಾಗುತ್ತದೆ. "ಕೆಲಸ ಮುಗೀತಲ್ಲ, ಮನಿಗೆ ಒಯ್ಯತೇವಿ" ಎಂದು ಅವಸರ ಮಾಡುವ ಬಂಧುಗಳು ಇದನ್ನು ಮನಸ್ಸಿನಲ್ಲಿಡಬೇಕು.

ನಮ್ಮ ಕಡೆಯವರು ಮಾಡತಕ್ಕದ್ದು

ಬೆಳಗಾವಿಯು ಈ ವಿಷಯದಲ್ಲಿ ನಿರ್ಗತಿಕವಲ್ಲ. 1963ರಲ್ಲಿಯೇ ಇಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಸ್ಥಾಪಿತವಾಯಿತು. ಸರಕಾರದ ವೈದ್ಯಕೀಯ ವಿದ್ಯಾಲಯವೂ ಈಗ ಇದೆ. ಹುಬ್ಬಳ್ಳಿ ದೂರವಲ್ಲ, ನಿಮ್ಹಾನ್ಸ್ ಇರುವ ಬೆಂಗಳೂರು ಸುಮಾರು 500 ಕಿಲೋಮೀಟರು. ಆದರೆ ಸುರುಳಿ ಹಾಕುವ ಯಂತ್ರವೂ ಕೈಪಳಗಿದ ವೈದ್ಯರೂ ಎಲ್ಲ ದವಾಖಾನೆಗಳಲ್ಲಿ ಇರುವದಿಲ್ಲ. ಆದುದರಿಂದ ಮೊದಲು ಹತ್ತಿರದ, ಸಿ.ಟಿ. ಯಂತ್ರವಿರುವ ದವಾಖಾನೆಗೆ ಒಯ್ದು ರೋಗವನ್ನು ಖಚಿತಪಡಿಸಿಕೊಳ್ಳಬೇಕು. ಅಲ್ಲಿಂದ ಮುಂದೆಲ್ಲಿಗೆಂಬದನ್ನು ವೈದ್ಯರಿಂದಲೇ ಕೇಳಬೇಕು. 2008ರಿಂದ ನಮ್ಮ ರಾಜ್ಯದಲ್ಲಿ 108ರ ಅಂಬ್ಯುಲನ್ಸ್ ಇದೆ. ಖಾಸಬಾಗದವರಿಗೆ ದವಾಖಾನೆ ಕೆಲವೇ ನಿಮಿಷಗಳ ದಾರಿ; ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಗಳವರಿಗೆ ಮಳೆಗಾಲದಲ್ಲಿ ಅದು ಗಂಟೆಗಳ ದಾರಿ. ಅಂತಹವರು ಬೆಳಗಾಗಲೆಂದು ಕಾಯದೆ ಹೊರಡಬೇಕು.

ಖರ್ಚಿನ ಮಾತನ್ನೂ ಮುಚ್ಚಿಡುವಂತಿಲ್ಲ. ಒಂದೊಂದು ಸುರುಳಿಗೂ ದೊಡ್ಡ ಬೆಲೆ. ಒಂದು ಉಬ್ಬಿಗೆ ಹಲವು ಬೇಕಾಗುತ್ತವೆ. ದಿನದ ಕೂಲಿಗೆ ಮಗ್ಗ ನಡೆಸುವವನಿಗೆ ಅದು ನಿಲುಕದ್ದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವ ದವಾಖಾನೆಯಲ್ಲಿ ಎಷ್ಟು ಸಹಾಯ ದೊರೆಯುವದೆಂದು, ಅಲ್ಲಿಯ ಯೋಜನೆಯ ಮೇಜಿನಲ್ಲಿ ಮೊದಲೇ ವಿಚಾರಿಸಬೇಕು. ರೇಶನ್ ಕಾರ್ಡನ್ನೂ ಆಧಾರ ಕಾರ್ಡನ್ನೂ ಮನೆಯಲ್ಲಿ ಕೈಗೆ ಸಿಗುವಲ್ಲಿ ಇಡಬೇಕು. 2022ರಲ್ಲಿ ರಾಜ್ಯ ಸರಕಾರವೂ ನಿಮ್ಹಾನ್ಸೂ ಕೂಡಿ ಮೆದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿ, ಇಂತಹ ರೋಗಗಳನ್ನು ಗುರುತಿಸಲು ಊರ ವೈದ್ಯಾಧಿಕಾರಿಗಳಿಗೆ ತರಬೇತಿ ಕೊಡತೊಡಗಿದ್ದು ಸ್ತುತ್ಯ ಕಾರ್ಯ.

ಸಹಿ ಮಾಡುವ ಮೊದಲು ಬಂಧುಗಳು ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಈ ಉಬ್ಬಿಗೆ ಈ ದಾರಿಯೇ ಏಕೆ? ಇಲ್ಲಿ ವರ್ಷಕ್ಕೆ ಎಷ್ಟು ಜನರಿಗೆ ಇದನ್ನು ಮಾಡುತ್ತೀರಿ? ಕೆಟ್ಟದಾದರೆ ಏನಾದೀತು? ಮುಂದೆ ಯಾವಾಗ ಯಾವಾಗ ಬರಬೇಕು? ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವದಿಲ್ಲ.

ದೊಡ್ಡವ್ವನ ಉಬ್ಬಿಗೆ ಸುರುಳಿಗಳನ್ನು ಹಾಕಿದರು. ಇಪ್ಪತ್ತನಾಲ್ಕು ದಿನ ದವಾಖಾನೆಯಲ್ಲಿದ್ದು ಮನೆಗೆ ಬಂದಳು. ಆರು ತಿಂಗಳ ಮೇಲೆ ತೆಗೆದ ಚಿತ್ರದಲ್ಲಿ ಉಬ್ಬು ಮುಚ್ಚಿಯೇ ಇತ್ತು. ಈಗ ನಡೆದಾಡುತ್ತಾಳೆ, ಅಡಿಗೆ ಮಾಡುತ್ತಾಳೆ, ಕಂಡಿಕೆ ಸುತ್ತುತ್ತಾಳೆ. ಆದರೆ ಸೀರೆಯ ಅಂಚಿಗೆ ಯಾವ ಬಣ್ಣದ ಮೇಲೆ ಯಾವ ಬಣ್ಣವೆಂಬದನ್ನು ಮೊದಲಿನಂತೆ ನೆನಪಿನಿಂದ ಹೇಳಲಾರಳು. ಮೊಮ್ಮಗಳ ಹೆಸರು ಒಮ್ಮೊಮ್ಮೆ ನಾಲಿಗೆಯ ತುದಿಯಲ್ಲಿಯೇ ನಿಲ್ಲುತ್ತದೆ. ಎರಡನೆಯ ಸಲ ರಕ್ತ ಸೋರುವ ಮೊದಲೇ ಒಯ್ದಿದ್ದರೆ ಇಷ್ಟೂ ಉಳಿಯುತ್ತಿತ್ತೇನೋ ಎಂದು ಕಾಕಾ ಹಲಬುತ್ತಿರುತ್ತಾನೆ. ಅಂದಿನಿಂದ ಅವನು ಬೀಡಿ ಮುಟ್ಟಿಲ್ಲ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಈ ಲೇಖನವನ್ನು ಓದಿದ ನನ್ನ ಸಹಪಾಠಿಗಳಲ್ಲಿ ಹಲವರು ಹಳ್ಳಿಗಳಿಂದ ಬರುವವರು. ಅವರು ರಜೆಗೆ ಊರಿಗೆ ಹೋದಾಗ ಮನೆಯವರಿಗೆ ಒಂದು ಮಾತು ಹೇಳಲಿ: ಸಿಡಿಲಿನಂತೆ ಬಂದ ತಲೆನೋವಿಗೆ ಶುಂಠಿ ಹಚ್ಚುತ್ತ ಕೂಡಬಾರದು, ಆ ಗಳಿಗೆಯಲ್ಲಿಯೇ ಗಾಡಿ ಹತ್ತಿಸಬೇಕು.